ಕರೆಂಟ್ ಹೋದ ರಾತ್ರಿಗೆ ಎಂಥ ಜನರೇಟರ್?

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕಿನ ಹಳ್ಳಿರಿ. ಬ್ಯಾಸಗಿ ಕಡೀಗೆ ಗಾಳಿ-ಮಳಿ ಬಂತಂದ್ರ ಕಂಬ ಬೀಳತಾವ, ಕರೆಂಟ್ ಮರುದಿನ ಸಂಜಿಗೆ ಬಂದ್ರ ಬಂತು. ಅಪ್ಪಾರಿಗೆ ಸಕ್ಕರಿ ಕಾಯಿಲೆ ಅದ, ಇನ್ಸುಲಿನ್ ಫ್ರಿಜ್ಜಿನಾಗ ಇಡತೀವಿ. ನಾಕು ಫ್ಯಾನ್, ಕೂಲರ್, ಟಿವಿ, ಬೋರಿಗೆ 1 ಎಚ್‌ಪಿ ಮೋಟರ್ ಅದಾವ. ಅಂಗಡಿಯವರು 5 ಕೆವಿಎ ಡೀಸೆಲ್ ಜನರೇಟರ್ ತಗೋರಿ ಅಂತಾರ. ತಮ್ಮ ಸಣ್ಣ ಪೆಟ್ರೋಲಿಂದೇ ಸಾಕು ಅಂತಾನ. ಯಾವುದು ತಗೋಬೇಕ್ರಿ? ಎಣ್ಣಿ ಎಷ್ಟು ಇಟ್ಕೋಬೇಕು?

ಉತ್ತರ: ನಿಮ್ಮ ತಮ್ಮ ಹೇಳಿದ್ದೇ ಸರಿ. ಆದರೆ ಅಂಗಡಿಯವರ ಲೆಕ್ಕ ಎಲ್ಲಿಂದ ಬಂತು ಅನ್ನುವುದೂ ನಿಮಗೆ ತಿಳಿದಿರಲಿ.

ನಾಲ್ಕು ಫ್ಯಾನಿಗೆ 300 ವ್ಯಾಟ್, ಕೂಲರಿಗೆ 180ರ ಆಸುಪಾಸು, ಫ್ರಿಜ್ಜಿಗೆ 150, ಟಿವಿ ಮತ್ತು ಎಂಟು ಎಲ್‌ಇಡಿ ಬಲ್ಬಿಗೆ ಇನ್ನೊಂದು 150. ಎಲ್ಲ ಕೂಡಿದರೂ 800 ವ್ಯಾಟ್ ದಾಟುವುದಿಲ್ಲ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಮಾತ್ರ ಅದರ ಮೂರು-ನಾಲ್ಕು ಪಟ್ಟು ಎಳೆಯುತ್ತದೆ. ಅದನ್ನು ಸೇರಿಸಿ 1,400 ವ್ಯಾಟ್ ಇಟ್ಟುಕೊಳ್ಳಿ. ನಮ್ಮ ಕಡೆಯ 43 ಡಿಗ್ರಿ ಬಿಸಿಲಿಗೆ ಎಂಜಿನ್ನಿನ ಕಸುವೂ ತುಸು ಇಳಿಯುತ್ತದೆ. ಹಾಗಾಗಿ 2.5ರಿಂದ 3 ಕೆವಿಎ ಪೆಟ್ರೋಲ್ ಜನರೇಟರ್ ಧಾರಾಳವಾಯಿತು. ಕೊಳ್ಳುವಾಗ ಯಂತ್ರಕ್ಕೆ ಅಂಟಿಸಿದ ಪಟ್ಟಿಯ ಮೇಲೆ ‘ರೇಟೆಡ್’ ಎಷ್ಟಿದೆ ಅಂತ ನೋಡಿ. ‘ಮ್ಯಾಕ್ಸಿಮಮ್’ ಅಂತ ಬರೆದಿರುವಷ್ಟನ್ನು ಅದು ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲದು.

5 ಕೆವಿಎ ಮಾತು ಬಂದದ್ದು ಬೋರಿನ ಮೋಟರಿನಿಂದ. 1 ಎಚ್‌ಪಿ ಮೋಟರ್ ಓಡುವಾಗ ಸಾವಿರ ವ್ಯಾಟ್ ಚಿಲ್ಲರೆ, ಎದ್ದೇಳುವಾಗ ಅದರ ಮೂರು ಪಟ್ಟಿಗೂ ಮೇಲೆ ಕೇಳುತ್ತದೆ. ಅದೊಂದಕ್ಕೇ 4 ಕೆವಿಎ ಬೇಕಾಗುತ್ತದೆ. ಆ ಹಣದಲ್ಲಿ ಮಾಳಿಗೆಯ ಮೇಲೆ ಇನ್ನೊಂದು ಸಾವಿರ ಲೀಟರಿನ ಟ್ಯಾಂಕ್ ಕೂರಿಸಿ, ಮೋಡ ಕಟ್ಟುವ ಸಂಜೆ ತುಂಬಿಸಿಟ್ಟುಕೊಳ್ಳಿ. ಎರಡು ದಿನದ ನೀರಿನ ಚಿಂತೆ ತೀರಿತು. ಮೋಟರನ್ನು ಜನರೇಟರಿನ ಲೆಕ್ಕದಿಂದ ತೆಗೆದುಬಿಡಿ.

ಡೀಸೆಲ್ ಬೇಡ ಅನ್ನಲು ಇನ್ನೊಂದು ಕಾರಣವಿದೆ. ಡೀಸೆಲ್ ಎಂಜಿನ್ನಿಗೆ ಕೆಲಸ ಕಡಿಮೆಯಾದರೆ ಆಗಿಬರುವುದಿಲ್ಲ. ತನ್ನ ಶಕ್ತಿಯ ಮೂರರಲ್ಲೊಂದು ಪಾಲಿನಷ್ಟಾದರೂ ಲೋಡ್ ಇರಬೇಕು. 5 ಕೆವಿಎ ಅಂದರೆ ಸುಮಾರು 4,000 ವ್ಯಾಟ್, ನಿಮ್ಮ ಮನೆಯ ಲೋಡ್ ಅದರ ಐದನೇ ಒಂದು ಪಾಲು. ಎಣ್ಣೆ ಪೂರ್ತಿ ಸುಡದೆ ಸೈಲೆನ್ಸರಿನಲ್ಲಿ, ವಾಲ್ವಿನಲ್ಲಿ ಮಸಿ ಕಟ್ಟುತ್ತದೆ, ಹೊಗೆ ಉಗುಳುತ್ತದೆ. ಹಿಟ್ಟಿನ ಗಿರಣಿಗೆ, ದವಾಖಾನೆಗೆ, ದಿನಾ ತಾಸುಗಟ್ಟಲೆ ಓಡಿಸುವ ಅಂಗಡಿಗೆ ಡೀಸೆಲ್ ಸರಿ. ವರ್ಷದಲ್ಲಿ ಕೆಲವೇ ರಾತ್ರಿ ಬೇಕಾಗುವ ಮನೆಗಲ್ಲ.

ಇನ್ನು ಎಣ್ಣೆ. 800 ವ್ಯಾಟ್ ಲೋಡಿನಲ್ಲಿ ಇಂಥ ಯಂತ್ರ ತಾಸಿಗೆ ಮುಕ್ಕಾಲು ಲೀಟರಿನಷ್ಟು ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ ನೂರು ದಾಟಿರುವಾಗ ರಾತ್ರಿಯಿಡೀ ಓಡಿಸುವುದು ಯಾರಿಗೂ ಕಟ್ಟುವುದಿಲ್ಲ, ಬೇಕಾಗಿಯೂ ಇಲ್ಲ. ಬಾಗಿಲು ತೆರೆಯದೆ ಬಿಟ್ಟ ಫ್ರಿಜ್ ನಾಲ್ಕು ತಾಸು ತಂಪು ಹಿಡಿದಿರುತ್ತದೆ. ನಾಲ್ಕು ತಾಸಿಗೊಮ್ಮೆ ಒಂದು ತಾಸು ಓಡಿಸಿದರೆ ಸಾಕು. ಹಾಗೆ ನೋಡಿದರೆ ಒಂದು ರಾತ್ರಿ, ಒಂದು ಹಗಲಿಗೆ ನಾಲ್ಕೈದು ಲೀಟರ್. ಮನೆಯಲ್ಲಿ 10 ಲೀಟರ್ ಇದ್ದರೆ ಬೇಕಾದಷ್ಟಾಯಿತು. ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುತ್ತದೆ, ಆದರೆ ಅಷ್ಟು ಇಡಬೇಡಿ. ಗಟ್ಟಿ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಒಲೆಯಿಂದ ದೂರ, ಮನೆಯ ಹೊರಗೆ ನೆರಳಿನಲ್ಲಿಡಿ. ತಿಂಗಳಿಗೊಮ್ಮೆ ಅದನ್ನು ಬೈಕಿಗೆ ಸುರಿದು ಹೊಸದು ತಂದಿಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರ ತನಕ ಎಥನಾಲ್ ಇರುತ್ತದೆ. ಅದು ಗಾಳಿಯ ಪಸೆ ಹೀರುತ್ತದೆ, ಬಹಳ ದಿನ ಇಟ್ಟರೆ ನೀರು ಕೆಳಗೆ ಬೇರೆಯಾಗಿ ಕೂರುತ್ತದೆ. ಓಡಿ ಕಾದ ಯಂತ್ರಕ್ಕೆ ಎಣ್ಣೆ ಹಾಕಬೇಡಿ, ಕಾಲು ತಾಸು ಆರಲಿ.

ಅಪ್ಪಾರ ಇನ್ಸುಲಿನ್ನಿಗೆ ಒಂದು ಮಾತು. ಇನ್ನೂ ತೆರೆಯದ ಶೀಶೆ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವ ಶೀಶೆಗೆ 30 ಡಿಗ್ರಿ ದಾಟದಿದ್ದರೆ ಸಾಕು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಸಿ ಬಟ್ಟೆ ಹೊದಿಸಿದ ಮಣ್ಣಿನ ಗಡಿಗೆಯಲ್ಲಿಟ್ಟರೆ ಜನರೇಟರ್ ಕೈಕೊಟ್ಟ ದಿನಕ್ಕೂ ಆಸರೆ ಇರುತ್ತದೆ. ಎಷ್ಟು ದಿನ ಬಳಸಬಹುದು ಎಂದು ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಇನ್ನೆರಡು ವಿಷಯ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಮಳೆ ಬಂತೆಂದು ಯಂತ್ರವನ್ನು ಪಡಸಾಲೆಗೋ ದನದ ಕೊಟ್ಟಿಗೆಗೋ ಜೀನಾದ (ಮೆಟ್ಟಿಲಿನ) ಕೆಳಗೋ ಎಳೆದಾಗಲೇ ಅನಾಹುತ. ಬಾಗಿಲು ಕಿಟಕಿಯಿಂದ 20 ಅಡಿ ಆಚೆ, ನಾಲ್ಕೂ ಕಡೆ ತೆರೆದ ಒಂದು ತಗಡಿನ ಮಾಡು ಈಗಲೇ ಹಾಕಿಸಿ. ಯಾರಿಗಾದರೂ ತಲೆನೋವು, ವಾಕರಿಕೆ, ಮಂಪರು ಕಂಡರೆ ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಫೋನ್ ಮಾಡಿ.

ಎರಡನೆಯದು, ಎರಡೂ ತುದಿಗೆ ಪಿನ್ ಹಾಕಿದ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವ ಚಾಳಿ. ದಯವಿಟ್ಟು ಬೇಡ. ಮೇನ್ ಇಳಿಸುವುದು ಮರೆತರೆ ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು, ಊರ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) 11,000 ವೋಲ್ಟ್ ಆಗಿ ಲೈನಿಗೆ ಏರಬಹುದು. ನೀವೇ 1912ಕ್ಕೆ ಫೋನ್ ಮಾಡಿ ಕರೆಸಿದ ಜೆಸ್ಕಾಂ ಲೈನ್‌ಮನ್ ಅದೇ ಹೊತ್ತಿಗೆ ಕಂಬದ ಮೇಲಿರುತ್ತಾನೆ. ಫೇಸು, ನ್ಯೂಟ್ರಲ್ ಎರಡನ್ನೂ ಕತ್ತರಿಸಿ, ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಜನರೇಟರ್ ಮನೆಗೆ ತರಬೇಡಿ. ಅರ್ಥಿಂಗ್ ಕೂಡ ನೋಡಿಸಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ರಾಡಿನಿಂದ ಸರಿದು ನಿಲ್ಲುತ್ತದೆ, ಆಗಾಗ ಗುಂಡಿಗೆ ನೀರು ಹಾಕುತ್ತಿರಿ.

ಪ್ರಶ್ನೆ: ಬೀದರ್‌ನಲ್ಲಿದ್ದೇವೆ. ಒಂದು ವರ್ಷ ಮೂಲೆಯಲ್ಲಿಟ್ಟ ಪೆಟ್ರೋಲ್ ಜನರೇಟರ್ ಈಗ ಹಗ್ಗ ಎಳೆದರೆ ಶುರುವಾಗಿ ತಕ್ಷಣ ನಿಲ್ಲುತ್ತದೆ. ಯಾಕೆ?

ಉತ್ತರ: ಬಹುಪಾಲು ಹಳೇ ಪೆಟ್ರೋಲ್ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಅಂಟಾಗಿ ಕೂತಿರುತ್ತದೆ. ಟ್ಯಾಂಕ್ ಬರಿದು ಮಾಡಿ ಜೆಟ್ ಸ್ವಚ್ಛ ಮಾಡಿಸಿ, ಹೊಸ ಪೆಟ್ರೋಲ್ ಹಾಕಿ. ಅದಕ್ಕೂ ಮೊದಲು ಎಂಜಿನ್ ಆಯಿಲ್ ಮಟ್ಟ ನೋಡಿ, ಆಯಿಲ್ ಕಡಿಮೆಯಿದ್ದರೆ ತಾನೇ ನಿಲ್ಲುವ ವ್ಯವಸ್ಥೆ ಹಲವು ಯಂತ್ರಗಳಲ್ಲಿದೆ. ಇನ್ನು ಮುಂದೆ ಎತ್ತಿಡುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ತಿಂಗಳಿಗೊಮ್ಮೆ ಎರಡು ಫ್ಯಾನಿನ ಲೋಡ್ ಕೊಟ್ಟು ಕಾಲು ತಾಸು ಓಡಿಸಿ.

ಪ್ರಶ್ನೆ: ಕಲಬುರಗಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಬಾಲ್ಕನಿಯಲ್ಲಿ ಸಣ್ಣ ಜನರೇಟರ್ ಇಡಬಹುದೇ?

ಉತ್ತರ: ಬೇಡ. ಹೊಗೆ ನಿಮ್ಮ ಮನೆಗೂ ಮೇಲಿನವರ ಮನೆಗೂ ನುಗ್ಗುತ್ತದೆ. ನಿಮಗೆ ಇನ್ವರ್ಟರೇ ಸರಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ನಾಲ್ಕು ಫ್ಯಾನು, ನಾಲ್ಕು ದೀಪಕ್ಕೆ ಮೂರೂವರೆಯಿಂದ ನಾಲ್ಕು ತಾಸು ಬರುತ್ತದೆ. ಫ್ಯಾನುಗಳನ್ನು ಕಡಿಮೆ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದರೆ ಅದರ ಎರಡು ಪಟ್ಟಿನಷ್ಟು. ಬ್ಯಾಟರಿಯನ್ನು ಬಿಸಿಲು ಬೀಳುವ ಗೋಡೆಗೆ ತಾಗಿಸಬೇಡಿ, ಏಪ್ರಿಲ್-ಮೇ ತಿಂಗಳಲ್ಲಿ ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ನೋಡಿ.