ಓದುಗರ ಪ್ರಶ್ನೋತ್ತರ: ಮುಷ್ಟಿ ಬಿಗಿಯಲಾಗದ ಹುಡುಗ

ಪ್ರಶ್ನೆ: ಜೆ. ಡಿ. ಸಾಲಿಂಜರ್ ಅವರ ‘ದ ಕ್ಯಾಚರ್ ಇನ್ ದ ರೈ’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ಹದಿಹರೆಯದ ಪರಕೀಯತೆಯನ್ನೂ ಮುಗ್ಧತೆಯ ನಾಶವನ್ನೂ ಚಿತ್ರಿಸಿದ ಮಹತ್ವದ ಕೃತಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಮಾತ್ರ ದುಡ್ಡಿದ್ದವರ ಮನೆಯ ಹುಡುಗನೊಬ್ಬನ ಗೊಣಗಾಟ. ಕಂಡಕಂಡವರನ್ನೆಲ್ಲ ಬೈಯುವ ಹೋಲ್ಡನ್ ಮೇಲೆ ನಮಗೆ ಮರುಕ ಏಕೆ ಹುಟ್ಟಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಮೊದಲ ಓದಿನಲ್ಲಿ ನಾನೂ ಈ ಪುಸ್ತಕವನ್ನು ಅರ್ಧಕ್ಕೆ ಮುಚ್ಚಿಟ್ಟವನೇ. 1951ರ ಜುಲೈನಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕ ಹೋಲ್ಡನ್ ಕೋಲ್‌ಫೀಲ್ಡ್‌ಗೆ 16 ವರ್ಷ. ಐದು ವಿಷಯಗಳಲ್ಲಿ ನಾಲ್ಕರಲ್ಲಿ ನಪಾಸಾಗಿ ಪೆನ್ಸಿಲ್ವೇನಿಯಾದ ವಸತಿಶಾಲೆಯಿಂದ ಹೊರಬಿದ್ದ ಅವನು, ಶಾಲೆಯ ಪತ್ರ ತಂದೆತಾಯಿಯ ಕೈಸೇರುವ ಮೊದಲು ಮನೆಗೆ ಹೋಗಬಾರದೆಂದುಕೊಂಡು, ಕ್ರಿಸ್‌ಮಸ್ ರಜೆಗೆ ಮುಂಚಿನ ಒಂದು ಶನಿವಾರದ ರಾತ್ರಿಯಿಂದ ಸೋಮವಾರದವರೆಗೆ ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಕಥೆ ಎಂದರೆ ಇಷ್ಟೇ. ದಾರಿಯಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು ಅವನ ಕಣ್ಣಿಗೆ ಡೋಂಗಿಗಳು. ಆದರೆ ಹೋಲ್ಡನ್ ಏನು ಹೇಳುತ್ತಾನೆ ಎಂಬುದನ್ನು ಕೊಂಚ ಬದಿಗಿಟ್ಟು, ಏನು ಮಾಡುತ್ತಾನೆ ಎಂಬುದರ ಮೇಲೆ ಕಣ್ಣಿಟ್ಟು ಓದಿ ನೋಡಿ.

ನ್ಯೂಯಾರ್ಕಿನಲ್ಲಿ ರೈಲು ಇಳಿದವನು ಮೊದಲು ಹೋಗುವುದು ಫೋನ್ ಬೂತಿಗೆ. ಯಾರಿಗೆ ಮಾಡಲಿ ಎಂದು ಒಬ್ಬೊಬ್ಬರನ್ನೇ ನೆನೆಯುತ್ತಾನೆ, ಒಬ್ಬೊಬ್ಬರನ್ನು ಬಿಡುವುದಕ್ಕೂ ಒಂದೊಂದು ಕಾರಣ ಹುಡುಕಿಕೊಳ್ಳುತ್ತಾನೆ, ಕಡೆಗೆ ಸುಮಾರು 20 ನಿಮಿಷ ಕಳೆದು ಯಾರಿಗೂ ಕರೆ ಮಾಡದೆ ಹೊರಬರುತ್ತಾನೆ. ಆಮೇಲೆ ಗುರುತುಪರಿಚಯವಿಲ್ಲದ ಟ್ಯಾಕ್ಸಿ ಚಾಲಕನನ್ನು ಕುಡಿಯಲು ಕರೆಯುತ್ತಾನೆ. ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಅಲ್ಲಿನ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿ ಬೈಸಿಕೊಳ್ಳುತ್ತಾನೆ. ತಿಂಡಿ ತಿನ್ನುವಾಗ ಪಕ್ಕದಲ್ಲಿ ಬಂದು ಕುಳಿತ ಇಬ್ಬರು ಕ್ರೈಸ್ತ ಸನ್ಯಾಸಿನಿಯರಿಗೆ ಹತ್ತು ಡಾಲರ್ ಕೊಟ್ಟು, ಇನ್ನಷ್ಟು ಕೊಡಬೇಕಿತ್ತೆಂದು ಪೇಚಾಡುತ್ತಾನೆ. ಮನುಷ್ಯರನ್ನು ಕಂಡರಾಗದವನ ನಡವಳಿಕೆ ಇದಲ್ಲ. ಅವನ ಪರಕೀಯತೆ ಜನರಿಂದ ದೂರ ಓಡುವವನದಲ್ಲ. ಬಾಗಿಲವರೆಗೆ ಹೋಗಿ, ತಟ್ಟಲು ಕೈ ಎತ್ತಿ, ಇಳಿಸಿ ಬರುವವನದು.

ಆ ಕೈ ಏಕೆ ಇಳಿಯುತ್ತದೆ ಎಂಬುದಕ್ಕೆ ಉತ್ತರ ಐದನೆಯ ಅಧ್ಯಾಯದಲ್ಲಿದೆ, ಅದೂ ಎಷ್ಟು ಅಡ್ಡದಾರಿಯಲ್ಲಿ ಬರುತ್ತದೆಂದರೆ ಅವಸರದ ಓದಿನಲ್ಲಿ ಕೈತಪ್ಪಿ ಹೋಗುತ್ತದೆ. ಕೋಣೆಯ ಗೆಳೆಯ ಸ್ಟ್ರಾಡ್‌ಲೇಟರ್ ತನ್ನ ಬದಲು ಒಂದು ಪ್ರಬಂಧ ಬರೆದುಕೊಡೆಂದು ಹೋಲ್ಡನ್‌ನನ್ನು ಕೇಳಿರುತ್ತಾನೆ. ಒಂದು ಮನೆಯನ್ನೋ ಕೋಣೆಯನ್ನೋ ವರ್ಣಿಸಿದರೆ ಸಾಕಿತ್ತು. ಹೋಲ್ಡನ್ ಬರೆಯುವುದು ತನ್ನ ತಮ್ಮ ಆ್ಯಲಿಯ ಬೇಸ್‌ಬಾಲ್ ಗ್ಲೌಸಿನ ಬಗ್ಗೆ. ಎಡಚನಾದ ಆ್ಯಲಿ ಆ ಗ್ಲೌಸಿನ ಬೆರಳುಗಳ ಮೇಲೆ, ಅಂಗೈಯ ಮೇಲೆ, ಎಲ್ಲ ಕಡೆ ಹಸಿರು ಶಾಯಿಯಲ್ಲಿ ಕವಿತೆಗಳನ್ನು ಬರೆದುಕೊಂಡಿದ್ದ. ಫೀಲ್ಡಿಂಗ್‌ಗೆ ನಿಂತಾಗ ಬ್ಯಾಟು ಹಿಡಿದವರು ಯಾರೂ ಇಲ್ಲದಿದ್ದರೆ ಓದಿಕೊಳ್ಳಲು ಏನಾದರೂ ಇರಲಿ ಎಂದು. ಅವನು 1946ರ ಜುಲೈ 18ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಆಗ ಅವನಿಗೆ 11, ಹೋಲ್ಡನ್‌ಗೆ 13. ಆ ರಾತ್ರಿ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿ, ಅಲ್ಲಿನ ಕಿಟಕಿಯ ಗಾಜುಗಳನ್ನೆಲ್ಲ ಬರಿಗೈಯಿಂದ ಗುದ್ದಿ ಒಡೆದ. ನಿಂತಿದ್ದ ಕಾರಿನ ಗಾಜನ್ನೂ ಒಡೆಯಹೋದ, ಅಷ್ಟರಲ್ಲಿ ಕೈಯೇ ಮುರಿದಿತ್ತು. ಮಳೆ ಬಂದಾಗ ಆ ಕೈ ಈಗಲೂ ಆಗಾಗ ನೋಯುತ್ತದೆ, ಮುಷ್ಟಿಯನ್ನು ಸರಿಯಾಗಿ ಬಿಗಿಯಲು ಬರುವುದಿಲ್ಲ ಎಂದು ಹೇಳಿ ಅವನು ಮುಂದಕ್ಕೆ ಹೋಗಿಬಿಡುತ್ತಾನೆ. ಬದುಕಿನ ಎಲ್ಲಕ್ಕಿಂತ ದೊಡ್ಡ ನೋವನ್ನು ಇನ್ನೊಬ್ಬನ ಹೋಂವರ್ಕಿನ ನೆಪವಿಲ್ಲದೆ ಬಾಯಿಬಿಟ್ಟು ಹೇಳಲಾರದ ಹುಡುಗ ಅವನು. ಪ್ರಬಂಧವನ್ನು ಓದಿದ ಸ್ಟ್ರಾಡ್‌ಲೇಟರ್, ಕೇಳಿದ್ದೊಂದು ಬರೆದದ್ದೊಂದು ಎಂದು ರೇಗುತ್ತಾನೆ. ಹೋಲ್ಡನ್ ಅದನ್ನು ಅಲ್ಲೇ ಹರಿದು ಹಾಕುತ್ತಾನೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ‘ಮುಗ್ಧತೆಯ ನಾಶ’ ಎಂಬ ಸವಕಲು ಮಾತಿಗೂ ಜೀವ ಬರುತ್ತದೆ. ವಿಮರ್ಶಕರು ಇದನ್ನು ಹೆಚ್ಚಾಗಿ ಕಾಮದ, ಹಣದ, ದೊಡ್ಡವರ ಕಪಟದ ಜೊತೆ ಜೋಡಿಸುತ್ತಾರೆ. ನನ್ನ ಓದಿನಲ್ಲಿ ಹೋಲ್ಡನ್ ಕಳೆದುಕೊಂಡದ್ದು ಬೇರೆ: ಪ್ರೀತಿಸಿದವರು ಇದ್ದಲ್ಲೇ ಇರುತ್ತಾರೆ ಎಂಬ ನಂಬಿಕೆ. ಬಾಲ್ಯದಲ್ಲಿ ಶಾಲೆಯವರು ಕರೆದೊಯ್ಯುತ್ತಿದ್ದ ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಅವನಿಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಗಾಜಿನ ಹಿಂದಿನ ಎಸ್ಕಿಮೊ ಎಷ್ಟು ಸಲ ಹೋದರೂ ಅದೇ ಹಿಮದ ತೂತಿನಲ್ಲಿ ಮೀನು ಹಿಡಿಯುತ್ತಿರುತ್ತಾನೆ, ಹಕ್ಕಿಗಳು ಅದೇ ದಿಕ್ಕಿಗೆ ಹಾರುತ್ತಿರುತ್ತವೆ. ಬದಲಾಗಿರುವುದು ನೋಡಲು ಬಂದ ನಾವು ಮಾತ್ರ. ಅಷ್ಟು ದೂರ ನಡೆದು ಹೋಗಿಯೂ ಅವನು ಒಳಗೆ ಕಾಲಿಡುವುದಿಲ್ಲ.

ಸಾಲಿಂಜರ್ ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿಯ ತೀರದಲ್ಲಿ ಇಳಿದ ಸೈನಿಕರಲ್ಲಿ ಒಬ್ಬರು. ಹೋಲ್ಡನ್‌ನ ಕಥೆಯ ಕೆಲವು ಪುಟಗಳು ಯುದ್ಧದುದ್ದಕ್ಕೂ ಅವರ ಜೊತೆಗಿದ್ದವು. 1944–45ರಲ್ಲಿ ಅವರು ಪ್ರಕಟಿಸಿದ ಕೆಲವು ಕಥೆಗಳಲ್ಲಿ ಹೋಲ್ಡನ್ ಎಂಬ ಯುವಕ ಯುದ್ಧದಲ್ಲಿ ಕಾಣೆಯಾದವನು. ಆ ಕಾಣೆಯಾದವನನ್ನು ಕಾದಂಬರಿಯಲ್ಲಿ ಬದುಕಿಸಿ, ಸಾವನ್ನು ತಮ್ಮನ ಪಾಲಿಗೆ ಹಾಕಿದರೇನೋ ಎಂದು ನನಗೆ ಅನ್ನಿಸಿದೆ. ಇದನ್ನು ಊಹೆಯೆಂದೇ ತೆಗೆದುಕೊಳ್ಳಿ.

ಪ್ರಶ್ನೆ: ಇದೇ ಕಾದಂಬರಿಯ ಕೆಲವು ಅಧ್ಯಾಯಗಳನ್ನು ನನ್ನ ಖುಷಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಶೀರ್ಷಿಕೆಯ ‘ರೈ’ಯನ್ನು ಏನು ಮಾಡಲಿ? ಹೋಲ್ಡನ್ ಮಾತುಮಾತಿಗೂ ಬಳಸುವ ‘ಫೋನಿ’ಗೆ ಯಾವ ಪದ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡನೆಯದು ಸುಲಭ. ‘ಡಾಂಭಿಕ’ ಪುಸ್ತಕದ ಮಾತು, ‘ಸೋಗಲಾಡಿ’ ಕೊಂಚ ಹಿರಿಯರ ಮಾತು. 16ರ ಹುಡುಗನ ಬಾಯಲ್ಲಿ ಬರುವುದು ‘ಡೋಂಗಿ’. ಒಂದು ಎಚ್ಚರ ಇರಲಿ. ತನ್ನಂಥ ಸುಳ್ಳುಗಾರ ಮತ್ತೊಬ್ಬನಿಲ್ಲ ಎಂದು ಹೋಲ್ಡನ್ ತಾನೇ ಒಪ್ಪಿಕೊಳ್ಳುತ್ತಾನೆ. ರೈಲಿನಲ್ಲಿ ಸಹಪಾಠಿಯೊಬ್ಬನ ತಾಯಿ ಸಿಕ್ಕಾಗ, ಆ ಸಹಪಾಠಿ ಶುದ್ಧ ದುಷ್ಟನೆಂದು ಗೊತ್ತಿದ್ದೂ, ಅವನ ಸಂಕೋಚ, ಅವನ ವಿನಯ ಎಂದು ಇಲ್ಲದ್ದನ್ನೆಲ್ಲ ಕಟ್ಟಿ ಹೊಗಳಿ ಆಕೆಯ ಮುಖ ಅರಳಿಸುತ್ತಾನೆ. ಆದ್ದರಿಂದ ‘ಡೋಂಗಿ’ ಎಂಬ ಪದ ಹೊರಗಿನವರಿಗೆ ಎಸೆದಾಗಲೂ ಎಸೆದವನ ಮೇಲೆ ಸ್ವಲ್ಪ ಸಿಡಿಯುವಂತೆ ನಿಮ್ಮ ಕನ್ನಡ ಇರಬೇಕು.

ಮೊದಲನೆಯದು ಕಷ್ಟ. ರೈ ಎಂಬುದು ಚಳಿನಾಡಿನ ಧಾನ್ಯ. ಹೆಸರಿನ ಸದ್ದು ಹತ್ತಿರವಿದೆಯೆಂದು ರಾಗಿಯ ಕಡೆ ಕೈ ಹೋಗುತ್ತದೆ, ಆದರೆ ರಾಗಿಯ ಹೊಲದಲ್ಲಿ ಮಕ್ಕಳು ದೂರದವರೆಗೂ ಕಾಣುತ್ತಾರೆ. ಹೋಲ್ಡನ್‌ನ ಕಲ್ಪನೆಯಲ್ಲಿ ಸಾವಿರಾರು ಮಕ್ಕಳು ಎತ್ತರದ ಪೈರಿನ ನಡುವೆ ಆಡುತ್ತ, ಎತ್ತ ಓಡುತ್ತಿದ್ದೇವೆಂದು ನೋಡದೆ ಓಡುತ್ತಾರೆ. ಹೊಲದ ಅಂಚಿನಲ್ಲಿ ಪ್ರಪಾತವಿದೆ. ಅಲ್ಲಿ ನಿಂತು, ಬೀಳಲಿರುವವರನ್ನು ಹಿಡಿಯುವುದೊಂದೇ ತಾನು ಬಯಸುವ ಕೆಲಸ ಎಂದು ಅವನು ಹತ್ತು ವರ್ಷದ ತಂಗಿ ಫೀಬಿಗೆ ಹೇಳುತ್ತಾನೆ. ತಲೆ ಮುಳುಗುವ ಪೈರು ಬೇಕೆಂದರೆ ನಮ್ಮಲ್ಲಿ ಜೋಳವೇ ಆಗಬೇಕು. ಆದರೂ ಸ್ಥಳ ನ್ಯೂಯಾರ್ಕ್ ಆಗಿರುವಾಗ ‘ರೈ’ ಎಂದೇ ಉಳಿಸುವುದು ನನಗೆ ಸರಿ ಕಾಣುತ್ತದೆ.

ನಿಜವಾದ ಸವಾಲು ಕ್ರಿಯಾಪದದಲ್ಲಿದೆ. ಬೀದಿಯಲ್ಲಿ ಒಬ್ಬ ಪುಟ್ಟ ಹುಡುಗ ಹಾಡಿಕೊಂಡು ಹೋಗುತ್ತಿದ್ದ, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಹಾಡಿನಿಂದ ಹೋಲ್ಡನ್ ಈ ಕಲ್ಪನೆ ಕಟ್ಟಿಕೊಂಡದ್ದು. ಹಾಡಿನಲ್ಲಿರುವುದು ‘ಮೀಟ್’, ಹೋಲ್ಡನ್ ನೆನಪಿಟ್ಟುಕೊಂಡದ್ದು ‘ಕ್ಯಾಚ್’. ಫೀಬಿ ತಕ್ಷಣ ತಿದ್ದುತ್ತಾಳೆ. ಮೂಲದಲ್ಲಿ ಅದು ಹೊಲದ ದಾರಿಯಲ್ಲಿ ಹೆಣ್ಣುಗಂಡು ಎದುರಾಗಿ ಮುತ್ತಿಡುವ ಹಾಡು. ಹರೆಯದ ಭೇಟಿಯನ್ನು ಹೋಲ್ಡನ್ ತನಗೆ ತಿಳಿಯದೆಯೇ ಮಕ್ಕಳ ರಕ್ಷಣೆಯಾಗಿ ತಿರುಗಿಸಿಕೊಂಡಿದ್ದಾನೆ, ಇಡೀ ಕಾದಂಬರಿಯ ಗುಟ್ಟು ಈ ಒಂದು ತಪ್ಪಿನಲ್ಲಿದೆ. ಕನ್ನಡಕ್ಕೆ ಇಲ್ಲೊಂದು ಅದೃಷ್ಟವಿದೆ. ಸಂತೆಯಲ್ಲಿ ಗೆಳೆಯ ‘ಸಿಕ್ಕ’ ಎಂದರೆ ಭೇಟಿ, ಕಳ್ಳ ‘ಸಿಕ್ಕ’ ಎಂದರೆ ಸೆರೆ. ‘ಸಿಕ್ಕರೆ’ ಎಂದು ಹಾಡಿಸಿ, ಹೋಲ್ಡನ್ ಅದನ್ನು ‘ಕೈಗೆ ಸಿಕ್ಕರೆ’ ಎಂದು ತಿಳಿದನೆಂದರೆ ಹೇಗೆ? ಪ್ರಯತ್ನಿಸಿ ನೋಡಿ.

ಪ್ರಶ್ನೆ: 15 ವರ್ಷದ ಮಗ ಈ ಪುಸ್ತಕವನ್ನು ಗ್ರಂಥಾಲಯದಿಂದ ತಂದಿದ್ದಾನೆ. ಅಮೆರಿಕದ ಶಾಲೆಗಳಲ್ಲೇ ನಿಷೇಧಿಸಿದ್ದರೆಂದು ಕೇಳಿದೆ. ಓದಲು ಬಿಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬಿಡಿ, ಆದರೆ ನೀವೂ ಓದಿ. ಹಲವು ಶಾಲೆಗಳು ಇದನ್ನು ತೆಗೆದುಹಾಕಿದ್ದು ನಿಜ; 1960ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಇದನ್ನು ಪಾಠಕ್ಕಿಟ್ಟ ಶಿಕ್ಷಕರನ್ನು ಕೆಲಸದಿಂದ ತೆಗೆದರು, ಮೇಲ್ಮನವಿಯ ನಂತರ ಶಿಕ್ಷಕರು ಮರಳಿದರೂ ಪುಸ್ತಕ ಮರಳಲಿಲ್ಲ. ಮುಖ್ಯ ಆಕ್ಷೇಪ ಬೈಗುಳದ ಭಾಷೆಯ ಮೇಲೆ. ವಿಚಿತ್ರವೆಂದರೆ, ತಂಗಿಯ ಶಾಲೆಯ ಗೋಡೆಯ ಮೇಲೆ ಯಾರೋ ಗೀಚಿದ ಅದೇ ಹೊಲಸು ಮಾತನ್ನು ಕಂಡು, ಪುಟ್ಟ ಮಕ್ಕಳು ಓದಿಯಾರೆಂದು ಕೈಯಿಂದ ಉಜ್ಜಿ ಅಳಿಸುವವನೂ ಹೋಲ್ಡನ್ನೇ. ಇನ್ನೊಂದು ಕಡೆ ಅದನ್ನು ಚಾಕುವಿನಿಂದ ಕೆತ್ತಿರುತ್ತಾರೆ, ಅಳಿಯುವುದಿಲ್ಲ. ಹೋಟೆಲಿನ ಕೋಣೆಗೆ ವೇಶ್ಯೆಯೊಬ್ಬಳು ಬರುವ ದೃಶ್ಯದ ಬಗ್ಗೆಯೂ ಹೆದರಬೇಕಾಗಿಲ್ಲ. ಅವನು ಆಕೆಯ ಜೊತೆ ಮಾತನಾಡಬೇಕೆನ್ನುತ್ತಾನೆ, ಹಣ ಕೊಟ್ಟು ಕಳಿಸುತ್ತಾನೆ, ಸಾಲದೆಂದು ಆಕೆಯ ಜೊತೆ ಬಂದ ಹೋಟೆಲಿನ ಲಿಫ್ಟಿನವನಿಂದ ಹೊಡೆತ ತಿನ್ನುತ್ತಾನೆ.

ನಿಮ್ಮ ಗಮನ ಬೇಕಾದದ್ದು ಬೇರೆ ಪುಟಕ್ಕೆ. ಹೋಲ್ಡನ್‌ನ ಹಿಂದಿನ ಶಾಲೆಯಲ್ಲಿ ಜೇಮ್ಸ್ ಕ್ಯಾಸಲ್ ಎಂಬ ಸಣಕಲು ಹುಡುಗ, ಗುಂಪುಕಟ್ಟಿ ಬಂದ ಸಹಪಾಠಿಗಳ ಹಿಂಸೆಗೆ ಮಣಿದು ಆಡಿದ ಮಾತು ಹಿಂತೆಗೆದುಕೊಳ್ಳುವ ಬದಲು ಕಿಟಕಿಯಿಂದ ಹಾರಿ ಸಾಯುತ್ತಾನೆ. ಅವನ ಮೈಮೇಲಿದ್ದದ್ದು ಹೋಲ್ಡನ್‌ನಿಂದ ಎರವಲು ಪಡೆದ ಸ್ವೆಟರ್. ಎಲ್ಲರೂ ದೂರ ನಿಂತಾಗ ಶಿಕ್ಷಕ ಆಂಟೊಲಿನಿ ನಾಡಿ ಹಿಡಿದು ನೋಡಿ, ತನ್ನ ಕೋಟು ಹೊದಿಸಿ, ರಕ್ತ ಅಂಟೀತೆಂದು ನೋಡದೆ ಆ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಬಿದ್ದವರನ್ನು ಎತ್ತಿಕೊಳ್ಳುವ ಒಬ್ಬ ದೊಡ್ಡವನು ಈ ಪುಸ್ತಕದಲ್ಲಿ ಇದ್ದಾನೆ, ಆದರೆ ಆಗಲೇ ತಡವಾಗಿರುತ್ತದೆ. ಈ ಪುಟಗಳನ್ನು ಮಗ ಓದಿದ ಸಂಜೆ ನೀವು ಮನೆಯಲ್ಲಿರಿ. ಅವನಾಗಿ ಮಾತೆತ್ತಿದರೆ ಕೇಳಿಸಿಕೊಳ್ಳಿ.

ಪ್ರಶ್ನೆ: ಕೊನೆಯಲ್ಲಿ ಹೋಲ್ಡನ್ ಚೇತರಿಸಿಕೊಳ್ಳುತ್ತಾನೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕ್ಯಾಲಿಫೋರ್ನಿಯಾದ ಆರೈಕೆಯ ತಾಣದಲ್ಲಿ ಕುಳಿತು ಕಥೆ ಹೇಳುತ್ತಿರುವ 17ರ ಹೋಲ್ಡನ್‌ಗೆ ಅಲ್ಲಿನ ಮನೋವೈದ್ಯರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ: ಸೆಪ್ಟೆಂಬರಿನಲ್ಲಿ ಶಾಲೆಗೆ ಮರಳಿದರೆ ಮನಸ್ಸಿಟ್ಟು ಓದುತ್ತೀಯಾ? ಮಾಡುವವರೆಗೆ ಏನು ಮಾಡುತ್ತೇನೆಂದು ಹೇಗೆ ಹೇಳಲಿ, ಪೆದ್ದು ಪ್ರಶ್ನೆ ಎನ್ನುತ್ತಾನೆ. ನಾನು ಅದಕ್ಕಿಂತ ಮುಂಚಿನ ಅಧ್ಯಾಯವನ್ನು ನೋಡುತ್ತೇನೆ.

ಆ ಅಧ್ಯಾಯಕ್ಕೂ ಮೊದಲು ಒಂದು ಮಳೆ ಇದೆ. ಆ್ಯಲಿಯ ಸಮಾಧಿಗೆ ತಂದೆತಾಯಿಯ ಜೊತೆ ಹೋಗಿದ್ದಾಗ ಎರಡು ಸಲ ಮಳೆ ಬಂತಂತೆ. ಬಂದವರೆಲ್ಲ ಓಡಿ ಕಾರು ಹತ್ತಿ, ರೇಡಿಯೊ ಹಾಕಿಕೊಂಡು, ಎಲ್ಲಿಗೋ ಊಟಕ್ಕೆ ಹೋಗಬಹುದು, ಆ್ಯಲಿಯೊಬ್ಬ ಹೋಗಲಾರ ಎಂಬುದು ಹೋಲ್ಡನ್‌ಗೆ ತಡೆಯಲಾಗದೆ ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಈಗ ಸೆಂಟ್ರಲ್ ಪಾರ್ಕಿನಲ್ಲಿ, ಮರದ ಕುದುರೆಗಳು ಗಿರಗಿರನೆ ಸುತ್ತುವ ಕ್ಯಾರೊಸೆಲ್ ಮೇಲೆ ಫೀಬಿ ಕುಳಿತಿದ್ದಾಳೆ. ಸುತ್ತುವಾಗ ಮಕ್ಕಳು ಚಿನ್ನದ ಬಣ್ಣದ ಬಳೆಯೊಂದನ್ನು ಕಿತ್ತುಕೊಳ್ಳಲು ಬಗ್ಗುತ್ತಾರೆ, ಫೀಬಿಯೂ ಬಗ್ಗುತ್ತಾಳೆ. ಬೀಳುತ್ತಾಳೇನೋ ಎಂದು ಹೆದರಿಯೂ ಅವನು ಬಾಯಿ ತೆರೆಯುವುದಿಲ್ಲ. ಬಿದ್ದರೆ ಬೀಳಲಿ, ಏನೂ ಹೇಳಬಾರದು ಎಂದುಕೊಳ್ಳುತ್ತಾನೆ. ಹಿಂದಿನ ರಾತ್ರಿ ಸಾವಿರಾರು ಮಕ್ಕಳನ್ನು ಹಿಡಿಯುತ್ತೇನೆಂದವನು ಇವನೇ. ಅಷ್ಟರಲ್ಲಿ ಧಾರಾಕಾರ ಮಳೆ ಬರುತ್ತದೆ. ಉಳಿದ ತಂದೆತಾಯಂದಿರೆಲ್ಲ ಕ್ಯಾರೊಸೆಲ್‌ನ ಸೂರಿನ ಕೆಳಗೆ ಓಡುತ್ತಾರೆ. ಹೋಲ್ಡನ್ ಮಾತ್ರ, ತಂಗಿ ತಲೆಗೆ ಹಾಕಿದ ಕೆಂಪು ಬೇಟೆಯ ಟೋಪಿಯಲ್ಲಿ, ಬೆಂಚಿನ ಮೇಲೆ ತೊಪ್ಪನೆ ತೊಯ್ದು ಕುಳಿತಿರುತ್ತಾನೆ. ನೀಲಿ ಕೋಟಿನ ಫೀಬಿ ಸುತ್ತುವುದನ್ನು ನೋಡುತ್ತ ಏಕೋ ಅಳು ಬರುವಷ್ಟು ಸಂತೋಷವಾಯಿತು ಎನ್ನುತ್ತಾನೆ. ಆ ಮಳೆಯಲ್ಲಿ ಮುರಿದ ಕೈ ನೋಯಿತೋ ಇಲ್ಲವೋ, ಅದನ್ನು ಅವನು ಹೇಳುವುದಿಲ್ಲ.

ಕೊನೆಯ ಪುಟದಲ್ಲಿ ಅವನಿಗೆ ಕಾಡುವುದು ತಾನು ಕಥೆಯಲ್ಲಿ ತಂದವರೆಲ್ಲರ ನೆನಪು: ಪ್ರಬಂಧದ ಬಗ್ಗೆ ರೇಗಿದ ಸ್ಟ್ರಾಡ್‌ಲೇಟರ್‌ನ ನೆನಪು, ಹೋಟೆಲಿನ ಕೋಣೆಗೆ ಬಂದು ಹೊಡೆದ ಲಿಫ್ಟಿನವನ ನೆನಪು ಕೂಡ.