ಮರು: ಮಂಜೇಶ್ವರಕ್ಕೆ ಯಾವ ಜಿಲ್ಲೆ ಬರೆಯಲಿ?

ಹಳೆ ಪತ್ರಗಳ ಡೇಟಾದಲ್ಲಿ ಮಂಜೇಶ್ವರದ ಎದುರು ಈಗಿನ ಜಿಲ್ಲೆಯೊಂದನ್ನೇ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. 1950ರ ಪತ್ರವೂ ಕಾಸರಗೋಡು ಜಿಲ್ಲೆಯದಾಗಿಬಿಡುತ್ತದೆ. ಆ ಜಿಲ್ಲೆ ಹುಟ್ಟಿದ್ದೇ 1984ರ ಮೇ 24ರಂದು.

ಊರಿಗೂ ಜಿಲ್ಲೆಗೂ ಇರುವ ಸಂಬಂಧವನ್ನೇ ಬೇರೆ ಸಾಲಾಗಿ ಬರೆಯಿರಿ: ಊರಿನ ಐಡಿ (ಗುರುತಿನ ಸಂಖ್ಯೆ), ಜಿಲ್ಲೆಯ ಐಡಿ, ಆರಂಭ, ಅಂತ್ಯ. ಮದ್ರಾಸಿನ ದಕ್ಷಿಣ ಕೆನರಾದ ಸಾಲು 1956 ನವೆಂಬರ್ 1ಕ್ಕೆ ಮುಗಿಯುತ್ತದೆ. ಊರು ಕೇರಳಕ್ಕೆ ಸೇರಿದ್ದರಿಂದ ಮಲಬಾರ್ ಜಿಲ್ಲೆಯ ಸಾಲು ಅಂದೇ ತೊಡಗಿ 1957 ಜನವರಿ 1ರವರೆಗೆ, ಎರಡೇ ತಿಂಗಳು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಮೇಲೆ ಕಣ್ಣೂರು, ಕೊನೆಗೆ ಕಾಸರಗೋಡು. ಆರಂಭದ ದಿನ ಲೆಕ್ಕಕ್ಕೆ ಸೇರುತ್ತದೆ, ಅಂತ್ಯದ ದಿನ ಸೇರುವುದಿಲ್ಲ ಎಂದು ಮೊದಲೇ ನಿಗದಿ ಮಾಡಿ. ಇಲ್ಲದಿದ್ದರೆ ಬದಲಾವಣೆಯ ದಿನ ಹುಡುಕಿದವರಿಗೆ ಊರು ಎರಡು ಜಿಲ್ಲೆಗಳಲ್ಲಿ ಸಿಗುತ್ತದೆ.

ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದಲ್ಲಾದರೆ ಪಿ131 (ಯಾವ ಆಡಳಿತ ಪ್ರದೇಶದಲ್ಲಿದೆ) ಹೇಳಿಕೆಗೆ ಪಿ580 (ಆರಂಭ) ಮತ್ತು ಪಿ582 (ಅಂತ್ಯ) ಸೇರಿಸಿ. ವರ್ಷ ಮಾತ್ರ ಗೊತ್ತಿದ್ದರೆ ವರ್ಷವನ್ನಷ್ಟೇ ಬರೆಯಿರಿ. ಜನವರಿ 1 ಎಂದು ತುಂಬಿದರೆ ಅದು ನಿಜವಾದ ದಿನಾಂಕವೆಂದೇ ಎಲ್ಲರೂ ನಂಬುತ್ತಾರೆ.

ಕಣ್ಣಾನೂರು ಕಣ್ಣೂರಾದಂತೆ ಹೆಸರಷ್ಟೇ ಬದಲಾದರೆ ಐಡಿ ಅದೇ ಇರಲಿ. ಪಟ್ಟಿಯ ಪದ ಬೇರೆಯದನ್ನೇ ಸೂಚಿಸುವಂತೆ ಅರ್ಥವೇ ಬದಲಾದರೆ ಹೊಸ ಐಡಿ ಕೊಡಿ, ಹಳೆಯದನ್ನು ‘ಬಳಕೆಯಲ್ಲಿಲ್ಲ’ ಎಂದು ಗುರುತಿಸಿ ಹೊಸದಕ್ಕೆ ಕೊಂಡಿ ಹಾಕಿ. ದಯವಿಟ್ಟು ಹಳೆಯ ಐಡಿಯನ್ನು ಬೇರೊಂದಕ್ಕೆ ಮರುಬಳಸಬೇಡಿ, ನಿಮ್ಮ ಪಟ್ಟಿಯನ್ನು ನೆಚ್ಚಿಕೊಂಡವರ ಡೇಟಾ ಸದ್ದಿಲ್ಲದೆ ಕೆಡುತ್ತದೆ.