ಆಂಬ್ಯುಲೆನ್ಸ್ ಕೆಲಸದವರಿಗೆ ಕೈಯಾರೆ ಮಾಡಿ ಕಲಿಯುವ ತರಬೇತಿ ಮತ್ತೆ ಮತ್ತೆ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಮೂರು ವರ್ಷದಿಂದ ಆಂಬ್ಯುಲೆನ್ಸ್‌ನಲ್ಲಿ ಇಎಂಟಿ, ಅಂದರೆ ರೋಗಿಗೆ ದಾರಿಯಲ್ಲೇ ತುರ್ತು ಚಿಕಿತ್ಸೆ ಕೊಡುವವರು, ಆಗಿದ್ದೀರಿ. ವರ್ಷಕ್ಕೊಮ್ಮೆ ರಿಫ್ರೆಶರ್ ಅಂತ ಕರೆದು, ಸ್ಲೈಡ್ ತೋರಿಸಿ, ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಬೇರೆ ಕಡೆ ಎರಡು ದಿನದ, ಕೈಯಾರೆ ಮಾಡಿಸುವ ತರಬೇತಿ ಇದೆ. ಸ್ವಂತ ದುಡ್ಡು ಹಾಕಿ ಹೋಗಬೇಕಾ, ಬೇಡವಾ?

ಹೋಗಿ. ನಾನು ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವನು, ಈಗ ಹೊಸಬರಿಗೆ ಕಲಿಸುತ್ತಿದ್ದೇನೆ. ಆದರೆ ದುಡ್ಡು ಕಟ್ಟುವ ಮೊದಲು ಅವರಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ಒಂದು ಮ್ಯಾನಿಕಿನ್‌ಗೆ (ಅಭ್ಯಾಸ ಮಾಡುವ ಬೊಂಬೆಗೆ) ಎಷ್ಟು ಜನ? ನಾಲ್ಕೈದು ಜನ ಅಂದರೆ ಸರಿ. ಇಪ್ಪತ್ತು ಜನ ಅಂದರೆ ನಿಮ್ಮ ಪಾಲಿಗೆ ಬರುವುದು ಎರಡೇ ನಿಮಿಷ, ಮಿಕ್ಕಿದ ಹೊತ್ತೆಲ್ಲ ಬೇರೆಯವರು ಮಾಡೋದನ್ನ ನಿಂತು ನೋಡಬೇಕು.

ತಲೆಗಿಂತ ಬೇಗ ಕೈ ಮರೆಯುತ್ತದೆ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡೋದು) ಕಲಿತವರ ಕೈ ಮೂರರಿಂದ ಆರು ತಿಂಗಳೊಳಗೆ ಸಡಿಲವಾಗುತ್ತೆ ಅನ್ನೋದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನ ಕಲಿತದ್ದಕ್ಕೆ ಕೊಡುವ ಬಿಎಲ್‌ಎಸ್ ಕಾರ್ಡಿಗೆ ಮಾತ್ರ ಎರಡು ವರ್ಷದ ಅವಧಿ. ಕಾರ್ಡ್ ಜೇಬಲ್ಲಿರುತ್ತೆ, ಕೈ ಮರೆತಿರುತ್ತೆ. ನನಗೂ ಹಾಗೇ ಆಯಿತು, ಅದನ್ನ ಹೇಳಿಬಿಡುತ್ತೇನೆ.

ಕೀಟನಾಶಕ ಕುಡಿದ ಒಬ್ಬ ಅಜ್ಜನ ಕೇಸ್. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರ್. ದಾರಿಯಲ್ಲಿ ಉಸಿರು ಕಡಿಮೆ ಆಯಿತು. ಸಕ್ಷನ್ ಮಾಡಿ, ಅಂದರೆ ಬಾಯಲ್ಲಿದ್ದದ್ದನ್ನ ಯಂತ್ರದಿಂದ ಎಳೆದು ತೆಗೆದು, ಉಸಿರು ಕೊಡಲು ಕೈಯಲ್ಲಿ ಒತ್ತುವ ಆಂಬು ಬ್ಯಾಗ್ ತೆಗೆದುಕೊಂಡೆ. ಎಡಗೈಯಲ್ಲಿ ಮಾಸ್ಕ್ ಹಿಡಿದೆ, ಬಲಗೈಯಲ್ಲಿ ಬ್ಯಾಗ್ ಒತ್ತಿದೆ. ಎದೆ ಏಳಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಹೊಟ್ಟೆ ಉಬ್ಬಿತು, ಅಜ್ಜ ವಾಂತಿ ಮಾಡಿದರು, ಮತ್ತೆ ಸಕ್ಷನ್. ಕ್ಯಾಶುವಾಲ್ಟಿಗೆ ಮುಟ್ಟಿದಾಗ ಡ್ಯೂಟಿ ಡಾಕ್ಟರ್ ಮಾಡಿದ್ದು ಬಹಳ ಸಣ್ಣ ಕೆಲಸ. ಎರಡೂ ಕೈಯಲ್ಲಿ ದವಡೆ ಮೇಲಕ್ಕೆ ಎತ್ತಿ ಮಾಸ್ಕಿಗೆ ಸೇರಿಸಿ ಹಿಡಿದರು, ಸಿಸ್ಟರ್ ಬ್ಯಾಗ್ ಒತ್ತಿದರು. ಎದೆ ಎದ್ದಿತು. ಅಜ್ಜ ಐಸಿಯುನಲ್ಲಿದ್ದು ಉಳಿದುಕೊಂಡರು. ನನಗೆ ಮಾತ್ರ ಆ ವಾರವೆಲ್ಲ ನಿದ್ದೆ ಬರಲಿಲ್ಲ.

ಆಮೇಲೆ ನಾನೇ ದುಡ್ಡು ಹಾಕಿ ಒಂದು ತರಬೇತಿಗೆ ಹೋದೆ. ಅಲ್ಲಿ ಕಲಿಸುತ್ತಿದ್ದವರು ನನ್ನ ಬೆರಳು ಒಂದೊಂದಾಗಿ ಹಿಡಿದು ನೋಡಿದರು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ ಸರಿಯಾಗೇ ಇದ್ದವು. ತಪ್ಪಿದ್ದು ಉಳಿದ ಮೂರು ಬೆರಳು. ಅವು ದವಡೆಯ ಮೂಳೆ ಮೇಲೆ ಇರಬೇಕು. ನನ್ನವು ಗದ್ದದ ಕೆಳಗಿನ ಮೆತ್ತನೆ ಭಾಗಕ್ಕೆ ಜಾರಿದ್ದವು. ಅಲ್ಲಿ ಒತ್ತಿದರೆ ನಾಲಿಗೆ ಹಿಂದಕ್ಕೆ ಹೋಗುತ್ತೆ, ಉಸಿರಿನ ದಾರಿ ಇನ್ನಷ್ಟು ಮುಚ್ಚುತ್ತೆ. ಮಾಸ್ಕನ್ನ ಮುಖಕ್ಕೆ ಅದುಮುತ್ತಿದ್ದೆ, ಮುಖವನ್ನ ಮಾಸ್ಕಿಗೆ ಎತ್ತುತ್ತಿರಲಿಲ್ಲ. ಇದು ಯಾವ ಸ್ಲೈಡಿನಲ್ಲಿ ಕಾಣಿಸುತ್ತೆ ಹೇಳಿ? ಪಕ್ಕದಲ್ಲಿ ನಿಂತು ಇನ್ನೊಬ್ಬರು ನೋಡಬೇಕು, ಮುಟ್ಟಿ ತಿದ್ದಬೇಕು. ಬ್ಯಾಗನ್ನ ಪೂರ್ತಿ ಹಿಂಡೋದು ಬೇಡ, ಒಂದು ಸೆಕೆಂಡಿನಲ್ಲಿ ಎದೆ ಏಳುವಷ್ಟು ಒತ್ತಿದರೆ ಸಾಕು ಅನ್ನೋದೂ ನನ್ನ ಕೈಗೆ ಹತ್ತಿದ್ದು ಅವತ್ತೇ.

ಅದೇ ತರಬೇತಿಯಲ್ಲಿ ಲೈಟ್ ಇರುವ ಮ್ಯಾನಿಕಿನ್ ಇತ್ತು. ಎದೆ 5ರಿಂದ 6 ಸೆಂಟಿಮೀಟರ್ ಇಳಿದು ಪೂರ್ತಿ ಮೇಲೆ ಬಂದರೆ ಹಸಿರು. ಮೊದಲ ನಿಮಿಷ ಎಲ್ಲ ಹಸಿರೇ. ಒಂದೂವರೆ ನಿಮಿಷಕ್ಕೆ ಲೈಟ್ ಆರತೊಡಗಿತು. ನನಗೆ ಸುಸ್ತೇ ಅನ್ನಿಸಿರಲಿಲ್ಲ! ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನ ಬದಲಾಯಿಸಿ ಅಂತ ಯಾಕೆ ಹೇಳುತ್ತಾರೆ ಅನ್ನೋದು ಆಗ ಅರ್ಥವಾಯಿತು. ನಮ್ಮ ಕೈ ಸೋತಿದ್ದು ನಮಗೇ ಗೊತ್ತಾಗಲ್ಲ.

ಕಲಿತದ್ದನ್ನ ಬಿಡೋದಕ್ಕೂ ತರಬೇತಿ ಬೇಕು. ಕೂಸಿಗೆ ಸಿಪಿಆರ್ ಅಂದರೆ ಎದೆ ಮೇಲೆ ಎರಡು ಬೆರಳು ಇಟ್ಟು ಒತ್ತೋದು ಅಂತ ನಾವೆಲ್ಲ ಕಲಿತಿದ್ದೆವು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರು 2025ರ ಮಾರ್ಗಸೂಚಿಯಲ್ಲಿ ಆ ವಿಧಾನ ಕೈಬಿಟ್ಟರು. ಈಗ ಕೂಸಿನ ಎದೆಯನ್ನ ಎರಡೂ ಕೈಯಿಂದ ಸುತ್ತ ಹಿಡಿದು ಹೆಬ್ಬೆರಳುಗಳಿಂದ ಒತ್ತಬೇಕು, ಇಲ್ಲವೇ ಒಂದು ಅಂಗೈಯ ಬುಡದಿಂದ. ಬೆರಳಲ್ಲಿ ಬೇಕಾದಷ್ಟು ಆಳ ಸಿಗಲ್ಲ. ಓದಿದ ಮೇಲೂ ಬೊಂಬೆ ಮುಂದೆ ಕೂತಾಗ ನನ್ನ ಎರಡು ಬೆರಳು ತಾನಾಗೇ ಮುಂದೆ ಹೋದವು. ಹಳೆಯ ರೂಢಿ ಬಿಡಿಸಲು ಮೂವತ್ತು ನಲವತ್ತು ಸಲ ಮಾಡಬೇಕಾಯಿತು. ರಾತ್ರಿ ಎರಡು ಗಂಟೆಗೆ ತಾಯಿಯೊಬ್ಬಳು ಕೂಸನ್ನ ನಿಮ್ಮ ಕೈಗೆ ಕೊಟ್ಟಾಗ ಯೋಚನೆ ಮಾಡಲು ಪುರುಸೊತ್ತು ಇರಲ್ಲ, ಅಲ್ವಾ?

ಅಗ್ನಿಶಾಮಕ, ರಕ್ಷಣಾ ದಳದವರ ಜೊತೆ ಸೇರಿ ಮಾಡುವ ಡ್ರಿಲ್ ಇದ್ದರೆ ಯಾವತ್ತೂ ತಪ್ಪಿಸಬೇಡಿ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತಲ್ಲ, ಅವಶೇಷದ ಅಡಿ ಸಿಕ್ಕವರನ್ನ ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಅಂಥ ಕಡೆ ಯಾರದ್ದಾದರೂ ತೊಡೆ ಮೇಲೆ ಗಂಟೆಗಟ್ಟಲೆ ಸ್ಲ್ಯಾಬ್ ಬಿದ್ದಿದ್ದರೆ, ಜಜ್ಜಿಹೋದ ಸ್ನಾಯುವಿನಲ್ಲಿ ಪೊಟ್ಯಾಸಿಯಂ ಸೇರಿಕೊಂಡಿರುತ್ತೆ. ಭಾರ ತೆಗೆದ ಕೂಡಲೇ ಅದು ರಕ್ತಕ್ಕೆ ನುಗ್ಗಿ ಹೃದಯವನ್ನೇ ನಿಲ್ಲಿಸಬಹುದು. ಅದಕ್ಕೇ ಎತ್ತುವ ಮೊದಲೇ ಡ್ರಿಪ್ ಹಾಕಿ ನಾರ್ಮಲ್ ಸಲೈನ್ ಹರಿಸಲು ಶುರು ಮಾಡಬೇಕು. ಅಂದರೆ ಜ್ಯಾಕ್ ಹಿಡಿದವರು ನಿಮ್ಮ ಮಾತಿಗೆ ಕಾಯಬೇಕು, ನೀವು ಅವರಿಗೆ ಹೇಳುವ ಧೈರ್ಯ ಮಾಡಬೇಕು. ಒಬ್ಬರ ಮುಖ ಒಬ್ಬರು ನೋಡಿರದಿದ್ದರೆ ಆ ಗದ್ದಲದಲ್ಲಿ ಇದು ಆಗಲ್ಲ. ಒಂದು ಡ್ರಿಲ್‌ನಲ್ಲಿ ನಾನು "ಈಗ ಎತ್ತಬೇಡಿ" ಅಂತ ಮೂರು ಸಲ ಕೂಗಿದೆ, ಕಟರ್ ಶಬ್ದದಲ್ಲಿ ಯಾರಿಗೂ ಕೇಳಲಿಲ್ಲ. ಆಮೇಲೆ ಕೈಸನ್ನೆ ಗೊತ್ತು ಮಾಡಿಕೊಂಡೆವು.

ಇನ್ನು ದುಡ್ಡಿನ ಮಾತು. ಎರಡು ದಿನದ ತರಬೇತಿಗೆ ಹೋಗಿ ಬಂದು ಸುಮ್ನೆ ಕೂತರೆ ಆರು ತಿಂಗಳಿಗೆ ಮತ್ತೆ ಮೊದಲಿನ ಹಾಗೇ ಆಗುತ್ತೆ. ಅದಕ್ಕೇ ಅಲ್ಲಿ ತಿದ್ದಿಸಿಕೊಂಡದ್ದನ್ನ ಶಿಫ್ಟಿಗೆ ತನ್ನಿ. ಕಾಲ್ ಇಲ್ಲದಾಗ ದಿನಕ್ಕೆ ಹತ್ತು ನಿಮಿಷ ಸಾಕು, ದಿನಕ್ಕೊಂದೇ ವಿಷಯ. ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಆದರೆ ಅಭ್ಯಾಸಕ್ಕೆ ಬೇರೆಯದೇ ಇಟ್ಟುಕೊಳ್ಳಿ, ಕಿಟ್ಟಿನಲ್ಲಿರುವುದನ್ನ ಸವೆಸಬೇಡಿ. ಗಾಯದಿಂದ ಎರಡು ಮೂರು ಇಂಚು ಮೇಲಕ್ಕೆ ಕಟ್ಟಿ, ಕಟ್ಟಿದ ಹೊತ್ತು ಬರೆಯಿರಿ. ಬರೆಯೋದನ್ನೂ ಅಭ್ಯಾಸ ಮಾಡಿ, ಜಾಸ್ತಿ ಜನ ಮರೆಯೋದು ಅದನ್ನೇ. ಇನ್ನೊಂದು ದಿನ ಕಣ್ಣು ಮುಚ್ಚಿಕೊಂಡು ಬ್ಯಾಗಿನಿಂದ ಕೂಸಿನ ಮಾಸ್ಕ್ ತೆಗೆಯಿರಿ. ಹುಟ್ಟಿದ ಕೂಸು ಅಳದಿದ್ದರೆ ಒರೆಸಿ, ಬೆಚ್ಚಗೆ ಮಾಡಿ, ಬೆನ್ನು ಉಜ್ಜಿ, ಅಷ್ಟಕ್ಕೂ ಆಗದಿದ್ದರೆ ಉಸಿರು ಕೊಡಲು ಶುರು ಮಾಡಬೇಕು. ಇದಕ್ಕೆಲ್ಲ ಸೇರಿ ಇರುವುದು ಒಂದೇ ನಿಮಿಷ. ಮಾಸ್ಕ್ ಹುಡುಕಲು ಅದರಲ್ಲಿ ಅರ್ಧ ಹೋಗಬಾರದು.

ಮತ್ತೆ, ಪೈಲಟ್ ಅವರನ್ನ, ಅಂದರೆ ಆಂಬ್ಯುಲೆನ್ಸ್ ಓಡಿಸುವವರನ್ನ, ಬಿಟ್ಟು ಅಭ್ಯಾಸ ಮಾಡಬೇಡಿ. ಗಾಡಿ ಓಡುವಾಗ ಹಿಂದೆ ನೀವೊಬ್ಬರೇ, ನಿಜ. ಆದರೆ ರೋಗಿ ಇರುವ ಜಾಗದಲ್ಲಿ ನೀವು ಇಬ್ಬರು. ಎರಡೂ ಕೈಯಲ್ಲಿ ಮಾಸ್ಕ್ ನೀವು ಹಿಡಿದು ಬ್ಯಾಗ್ ಅವರು ಒತ್ತಿದರೆ ಎಷ್ಟು ವ್ಯತ್ಯಾಸ ಅಂತ ಆ ಅಜ್ಜನ ಕೇಸ್ ನನಗೆ ಕಲಿಸಿತು. ಆಮೇಲೆ ನನ್ನ ಜೊತೆ ಕೆಲಸ ಮಾಡಿದ ಪೈಲಟ್‌ಗಳೆಲ್ಲ ಬ್ಯಾಗ್ ಒತ್ತಲು ಕಲಿತರು. ಖುಷಿಯಿಂದಲೇ ಕಲಿತರು.

ತರಬೇತಿಯ ದಿನ ಬರುವವರೆಗೆ ಕಾಯಬೇಡಿ. ನಾಳೆ ಶಿಫ್ಟ್ ಶುರುವಾದಾಗ ಗಾಡಿ ಚೆಕ್ ಮಾಡಿ ಮುಗಿದ ಮೇಲೆ, ನಿಮ್ಮ ಪೈಲಟ್ ಒಪ್ಪಿದರೆ ಅವರನ್ನ ಸ್ಟ್ರೆಚರ್ ಮೇಲೆ ಮಲಗಿಸಿ. ಬ್ಯಾಗ್ ಬೇಡ, ಮಾಸ್ಕ್ ಒಂದೇ ಸಾಕು. ಮೂರು ಬೆರಳಿನ ಕೆಳಗೆ ಮೂಳೆ ಸಿಗುತ್ತಿದೆಯಾ, ಮಾಂಸ ಸಿಗುತ್ತಿದೆಯಾ ಅಂತ ನೋಡಿ. ಆಮೇಲೆ ನೀವು ಮಲಗಿ, ಅವರು ಹಿಡಿಯಲಿ.